ಅತ್ತರೆ ಅಮ್ಮ ಬರಲ್ಲ

ಮಕ್ಕಳು ಅಳುತ್ತವೆಂದು ಗೊಣಗುವ ಮನೆಗಳು ಬೀದಿಗೆ ಹತ್ತು ಸಿಗುತ್ತವೆ. ಮಗು ಅಳಲಿಲ್ಲವೆಂದು ಕೈಕಾಲು ಬಿಟ್ಟು ಕೂತ ಮನೆ ಅದೊಂದೇ ಇರಬೇಕು.

ಆಗಿದ್ದು ಇಷ್ಟು. ಬೆಳಗಿನ ಗಾಳಿಗೆ ಹಿತ್ತಲ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಸಂದಿಯಲ್ಲಿ ಮೂರು ವರ್ಷದ ಹುಡುಗಿಯ ಎರಡು ಬೆರಳಿದ್ದವು. ಅವಳ ತಾಯಿ ಒಲೆಯ ಮೇಲಿನ ಹಾಲು ಬಿಟ್ಟು ಓಡಿದಳು, ದೊಡ್ಡಮ್ಮ ಕೈಯಲ್ಲಿದ್ದ ಸೂಜಿ ಬಿಟ್ಟು ಓಡಿದಳು, ಮಂಚದ ಮೇಲಿದ್ದ ಅಜ್ಜಿ ಕೂತಲ್ಲೇ "ಅಯ್ಯಯ್ಯೋ" ಎಂದಳು. ಬಾಗಿಲು ತೆಗೆಯುವಷ್ಟರಲ್ಲಿ ಬೆರಳು ನೀಲಿಗಟ್ಟಿತ್ತು. ಹುಡುಗಿಯ ಮುಖ ಕೆಂಪೇರಿ, ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ತುಂಬಿ ನಿಂತಿತ್ತು. ಬಾಯಿಂದ ಮಾತ್ರ ಒಂದು ಸದ್ದಿಲ್ಲ. ತಾಯಿ ಎತ್ತಿಕೊಳ್ಳಲು ಕೈ ಚಾಚಿದಳು. ಹುಡುಗಿ ಆ ಕೈಯ ಕೆಳಗೇ ನುಸುಳಿ, ನಡುಮನೆ ದಾಟಿ, ಬಟ್ಟೆಯ ಗಂಟುಗಳ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ಉಸಿರು ಹದಕ್ಕೆ ಬಂದ ಮೇಲೆ ತಾನೇ ಎದ್ದು ಬಂದು, "ಏನಿಲ್ಲ" ಎಂದಳು.

"ನೋಡ್ದ್ಯಾ ಅಕ್ಕ?" ತಾಯಿ ಚಾಚಿದ ಕೈ ಇನ್ನೂ ಹಾಗೇ ಇತ್ತು. "ಬೆರಳು ಮುರಿದಿದ್ರೂ ಅವಳು ನನ್ನ ಹತ್ರ ಬರ್ತಿರಲಿಲ್ಲ."

"ಗಟ್ಟಿಗಿತ್ತಿ ಕಣೇ ಅವಳು," ಎಂದಳು ಅಕ್ಕ. ಹಾಗೆನ್ನುವಾಗ ತಂಗಿಯ ಮುಖ ನೋಡಲಿಲ್ಲ. ಹಾಲು ಉಕ್ಕಿ ಮನೆಯೆಲ್ಲ ಸೀದ ವಾಸನೆ. ಒಲೆ ಒರೆಸುವ ನೆವದಲ್ಲಿ ಅಡುಗೆಮನೆಗೆ ನುಗ್ಗಿದಳು.

ಈ ಅಕ್ಕನನ್ನು ಬೀದಿಯವರೆಲ್ಲ ಕಾಜದಕ್ಕ ಎಂದು ಕರೆಯುತ್ತಾರೆ. ಯೂನಿಫಾರಂ ಅಂಗಡಿಯಿಂದ ಹೊಲಿದ ಅಂಗಿಗಳ ಗಂಟು ಅವಳ ಮನೆಗೆ ಬರುತ್ತದೆ. ಗುಂಡಿ ತೂರುವ ಜಾಗವನ್ನು ಅಳತೆ ಹಿಡಿದು ಸೀಳಿ, ಸೀಳಿನ ಸುತ್ತ ಒತ್ತಾಗಿ ದಾರ ಹೆಣೆದು ಕಾಜ ಮಾಡುವುದು, ಎದುರಿಗೆ ಗುಂಡಿ ಹಚ್ಚುವುದು ಅವಳ ಕೆಲಸ. ಗಂಡ ಸಿಟಿ ಬಸ್ಸಿನ ಡ್ರೈವರ್. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಾಗಲಿಲ್ಲ. ಅವಳ ತಾಯಿ ಮಂಡಿನೋವಿನ ದೆಸೆಯಿಂದ ನಡುಮನೆಯ ಮಂಚವನ್ನೇ ಸಿಂಹಾಸನ ಮಾಡಿಕೊಂಡು ಅಲ್ಲಿಂದಲೇ ರಾಜ್ಯವಾಳುವ ಅಜ್ಜಿ. ಅವಳು ಎದ್ದು ನಿಲ್ಲಬೇಕಾದರೆ ಎರಡು ಕೈ ಆಸರೆ ಬೇಕು, ನಾಲ್ಕು ಬೈಗುಳ ಬೇಕು. ಬೈಗುಳ ಮಂಡಿಗೆ.

ಹುಡುಗಿಗೆ ಗುಂಡಿ ಎಂದು ಹೆಸರು ಬಿದ್ದದ್ದು ದೊಡ್ಡಪ್ಪನಿಂದ. ಅವಳಿಗೆ ಬೇರೆ ಆಟದ ಸಾಮಾನು ಹಿಡಿಸದು. ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಕೋಟಿನ ದೊಡ್ಡ ಗುಂಡಿಗಳನ್ನು ನೆಲದ ಮೇಲೆ ಸಾಲು ಹಿಡಿಸಿ ಗಂಟೆಗಟ್ಟಲೆ ಕೂರುವಳು. "ದಿನವಿಡೀ ರಸ್ತೆ ಮೇಲೆ ಗುಂಡಿ ತಪ್ಪಿಸೋದೇ ನನ್ನ ಕೆಲಸ," ಎನ್ನುವನು ಡ್ರೈವರ್, "ಮನೆಗೆ ಬಂದ್ರೆ ಕಾಲಿಗೆ ಸಿಗೋದೂ ಗುಂಡೀನೇ!"

ಹುಡುಗಿಯ ತಂದೆ ಇನ್ನೊಂದು ಸಂಸಾರ ಹೂಡಿಕೊಂಡು ಹೋದ ಮೇಲೆ ತಾಯಿ ಹಾಸಿಗೆ ಹಿಡಿದಳು. ಊಟ ಬಿಟ್ಟಳು, ಸ್ನಾನ ಬಿಟ್ಟಳು. ಪಕ್ಕದಲ್ಲೇ ಮಗು ಅಳುತ್ತಿದ್ದರೆ ಗೋಡೆ ನೋಡುತ್ತ ಮಲಗಿರುವಳು. ಮನಸ್ಸಿನ ಕಾಯಿಲೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ವರ್ಷದ ಮಗುವನ್ನು ಕಾಜದಕ್ಕ ಮನೆಗೆ ತಂದಳು. ತಂಗಿ ಗುಣವಾಗಿ ಹಿಂದಿರುಗುವ ಹೊತ್ತಿಗೆ ಹತ್ತು ತಿಂಗಳಾಗಿತ್ತು. ಬೆರಳು ಸಿಕ್ಕಿಕೊಂಡದ್ದು ಅವಳು ಬಂದ ಎರಡನೆಯ ವಾರ.

ಒಲೆ ಒರೆಸುತ್ತಿದ್ದ ಕಾಜದಕ್ಕನಿಗೆ, ಮಗು ಬಾಯಿ ಮುಚ್ಚಿಕೊಂಡದ್ದು ಯಾಕೆಂದು ಗೊತ್ತಿತ್ತು. ಆ ಮನೆಯಲ್ಲಿ ಅದು ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಮಗುವನ್ನು ತಂದ ಮೊದಲ ಹದಿನೈದು ದಿನ ಅದು ಅತ್ತ ಅಳು ಅಷ್ಟಿಷ್ಟಲ್ಲ. ಎದ್ದರೆ ಅಳು, ಉಣ್ಣಿಸಲು ಕೂತರೆ ಅಳು. ಶಾಲೆ ಶುರುವಾಗುವ ಕಾಲ, ಅಂಗಡಿಯಿಂದ ಗಂಟಿನ ಮೇಲೆ ಗಂಟು. ಪಕ್ಕದ ಮನೆಯವಳು "ಯಾಕ್ರೀ ಮಗೂನ ಹೊಡೀತೀರ?" ಎಂದು ಗೋಡೆಯಾಚೆಯಿಂದ ಕೂಗುವಳು. ಒಂದು ಮಧ್ಯಾಹ್ನ ತಲೆ ಸಿಡಿಯುತ್ತಿದ್ದಾಗ ಕಾಜದಕ್ಕನ ಬಾಯಿಂದ ಒಂದು ಮಾತು ಬಂತು: "ಅಳಬೇಡ. ಅತ್ತರೆ ಅಮ್ಮ ಬರಲ್ಲ."

ನಲ್ಲಿ ತಿರುಗಿಸಿದ ಹಾಗೆ ಅಳು ನಿಂತುಹೋಯಿತು. ಒಳ್ಳೆ ಮದ್ದು ಸಿಕ್ಕಿತೆಂದು ಅವಳು ಅಂದು ಖುಷಿಪಟ್ಟಿದ್ದೂ ಸುಳ್ಳಲ್ಲ. ಆಮೇಲೆ ಬಿದ್ದರೂ ಅದೇ ಮದ್ದು, ಜ್ವರ ಬಂದರೂ ಅದೇ, ತಲೆ ಬಾಚುವಾಗಲೂ ಅದೇ. ನಾಲ್ಕು ತಿಂಗಳಾಗುವಷ್ಟರಲ್ಲಿ ಹೇಳುವ ಅಗತ್ಯವೇ ಉಳಿಯಲಿಲ್ಲ. "ಎಷ್ಟು ಒಳ್ಳೇ ಮಗು, ಅಳೋದೇ ಇಲ್ಲ," ಎಂದು ಪಕ್ಕದ ಮನೆಯವಳೇ ಮೆಚ್ಚಿಕೊಂಡಳು.

ಇನ್ನೂ ಒಂದಿತ್ತು. ಒಂದು ದಿನ ಹುಡುಗಿ "ದೊಡ್ಡಮ್ಮ" ಎನ್ನುವ ಬದಲು, ನಾಲಿಗೆಗೆ ಸುಲಭವೆಂದೋ ಏನೋ, "ಅಮ್ಮ" ಎಂದುಬಿಟ್ಟಳು. ಕಾಜದಕ್ಕ ಆ ಕಡೆ ಈ ಕಡೆ ನೋಡಿದಳು. ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. "ಏನು ಕಂದ?" ಎಂದು ಓಗೊಟ್ಟಳು. ತಿದ್ದಲಿಲ್ಲ.

*

ಆಸ್ಪತ್ರೆಯವರು ತಂಗಿಯನ್ನು ಕಳಿಸುವಾಗಲೇ ಹೇಳಿದ್ದರು, ವಾರಕ್ಕೊಮ್ಮೆ ಒಬ್ಬರು ಮನೆಗೆ ಬಂದು ತಾಯಿ ಮಗು ಹೊಂದಿಕೊಳ್ಳುವುದಕ್ಕೆ ನೆರವಾಗುತ್ತಾರೆ ಎಂದು. ದಪ್ಪ ಕನ್ನಡಕದ, ಸದಾ ಬೆವರುವ ಒಬ್ಬ ಹೆಂಗಸು ಗುರುವಾರ ಗುರುವಾರ ಹತ್ತು ಗಂಟೆಗೆ ಬರತೊಡಗಿದಳು. ಅಜ್ಜಿ ಅವಳಿಗೆ ಗುರುವಾರ ಎಂದೇ ಹೆಸರಿಟ್ಟಳು. "ಏಯ್, ಗುರುವಾರ ಬಂತು, ಚಹಾಕ್ಕಿಡಿ!"

ಗುರುವಾರದವಳು ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ನೇರ ನೆಲಕ್ಕೆ ಕೂತು, ತಾಯಿಯನ್ನೂ ಕೂರಿಸಿದಳು.

"ದಿನಕ್ಕೆ ಹತ್ತು ನಿಮಿಷ ಸಾಕು. ಮಗು ಏನು ಆಡುತ್ತೋ ಅದನ್ನೇ ನೀವೂ ಆಡಿ. ಕಲಿಸಬೇಡಿ, ತಿದ್ದಬೇಡಿ. ಅವಳು ಏನು ಮಾಡ್ತಾಳೋ ಅದನ್ನ ಬಾಯಲ್ಲಿ ಹೇಳ್ತಾ ಹೋಗಿ, ಅಷ್ಟೇ."

ತಾಯಿ ನಾಚಿಕೊಳ್ಳುತ್ತ ಶುರುಮಾಡಿದಳು. "ಕಪ್ಪು ಗುಂಡಿ ತಗೊಂಡೆ... ಬಿಳೀದರ ಪಕ್ಕ ಇಟ್ಟೆ... ಓ, ಉರುಳಿಹೋಯ್ತು."

"ಇದೇನು ಕ್ರಿಕೆಟ್ ಕಾಮೆಂಟರೀನೇ?" ಎಂದಳು ಅಜ್ಜಿ ಮಂಚದಿಂದ. "ಇಬ್ಬರನ್ನ ಹೆತ್ತು ಸಾಕಿದೀನಿ ತಾಯಿ, ಆಟ ಆಡೋದು ಹೇಗೆ ಅಂತ ನಮಗೆ ಯಾರೂ ಬಂದು ಹೇಳಿಕೊಡಲಿಲ್ಲ."

"ಚೆನ್ನಾಗೇ ಸಾಕಿದ್ದೀರ ಅಜ್ಜಿ. ಅದಕ್ಕೇ ಈ ಮನೆಗೆ ಬಂದ್ರೆ ನಂಗೆ ಬಿಸಿ ಚಹಾ ಸಿಗೋದು," ಎಂದಳು ಗುರುವಾರದವಳು. ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಆಮೇಲೆ ಆ ಹತ್ತು ನಿಮಿಷದಲ್ಲಿ ಅವಳೂ ಕೆಮ್ಮು ಬಂದರೆ ಸೆರಗು ಅಡ್ಡ ಹಿಡಿಯುವಳು.

ಬೆರಳಿನ ವಿಷಯ ಕೇಳಿದಾಗ ಗುರುವಾರದವಳ ಮುಖ ಗಂಭೀರವಾಯಿತು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಅಕ್ಕ, ನೋವಾದಾಗ ಮಗು ಅಳಬೇಕು, ಹೆತ್ತವಳನ್ನ ಹುಡುಕಬೇಕು. ಇವಳು ಬಾಯಿ ಮುಚ್ಕೊಂಡು ಅವಿತ್ಕೊತಾಳೆ. ಅಳಬಾರದು ಅಂತ ಇವಳಿಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ನಾವ್ಯಾಕೆ ಹೇಳೋಣ ಮೇಡಂ? ಈ ಮನೇಲಿ ಅವಳಿಗೆ ಯಾರೂ ಒಂದು ಏಟು ಹೊಡೆದಿಲ್ಲ."

"ಹೊಡೆದ್ರಾ ಅಂತ ನಾನು ಕೇಳಲಿಲ್ಲ ಅಕ್ಕ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕಾಜದಕ್ಕನ ಕಿವಿ ಬಿಸಿಯಾಯಿತು. "ಹುಟ್ಟಾ ಹಾಗೇ ಮೇಡಂ ಅವಳು," ಎಂದು ಒಳಗೆ ಬಂದಳು. ಮಂಚದ ಮೇಲಿಂದ ಅಜ್ಜಿ ಒಂದೇ ಸಮನೆ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಅಜ್ಜಿ ಏನೂ ಅನ್ನದೆ ಇರುವುದು ಆ ಮನೆಯಲ್ಲಿ ಒಳ್ಳೆಯ ಲಕ್ಷಣವಲ್ಲ.

*

ವಾರಗಳು ಉರುಳಿದವು. ತಂಗಿ ಒಂದು ದಿನವೂ ಹತ್ತು ನಿಮಿಷ ತಪ್ಪಿಸಲಿಲ್ಲ. ಬೆಳಗ್ಗೆ ಪಾತ್ರೆ ತೊಳೆದು, ಬಟ್ಟೆ ಒಗೆದು, ಕೈ ಒರೆಸಿಕೊಂಡು ಬಂದು ನೆಲಕ್ಕೆ ಕೂರುವಳು. ಹುಡುಗಿ ಬೇಡ ಅನ್ನುತ್ತಿರಲಿಲ್ಲ. ಅದೇ ತೊಂದರೆ. ತಾಯಿಗೆ ಅವಳು ಯಾವುದಕ್ಕೂ ಬೇಡ ಅನ್ನುತ್ತಿರಲಿಲ್ಲ.

ಒಂದು ಸಂಜೆ ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಕಾಜದಕ್ಕ ತಟ್ಟೆ ತಂದಳು. "ಮೊಟ್ಟೆ ಬೇಡ!" ಎಂದು ಹುಡುಗಿ ತಟ್ಟೆ ತಳ್ಳಿದಳು. "ಹಳದಿ ಬೇಡ! ಬಿಳೀ ಬೇಡ! ದೊಡ್ಡಮ್ಮ ಬೇಡ!" ಕಾಲು ಝಾಡಿಸಿದಳು. ಆದರೆ ಅಳು ಇಲ್ಲ. ಡ್ರೈವರ್ ನಕ್ಕು, "ಮೇಡಂ ಇವತ್ತು ಎಕ್ಸ್‌ಪ್ರೆಸ್ಸು, ಯಾವ ಸ್ಟಾಪಲ್ಲೂ ನಿಲ್ಲಲ್ಲ," ಎಂದ. ತಂಗಿ ಆ ತಟ್ಟೆ ತನ್ನ ಕಡೆ ಎಳೆದುಕೊಂಡು ಅದೇ ಮೊಟ್ಟೆ ಮುರಿದು ಮಗಳ ಬಾಯಿಗಿಟ್ಟಳು. ಹುಡುಗಿ ತಟ್ಟನೆ ಸುಮ್ಮನಾಗಿ, ಬಾಯಿ ತೆರೆದು, ಅಗಿದು, ನುಂಗಿದಳು. ಮತ್ತೊಂದು ತುತ್ತು. ಕಣ್ಣು ತಾಯಿಯ ಮುಖದ ಮೇಲೆ. ನೆಂಟರ ಮನೆಯಲ್ಲಿ ಉಣ್ಣುವ ಮಗುವಿನ ಹಾಗೆ ಎಲ್ಲ ಖಾಲಿ ಮಾಡಿದಳು.

ತಂಗಿ ಕೈ ತೊಳೆಯುವಾಗ ಹೇಳಿದಳು: "ನೋಡು ಅಕ್ಕ, ನಿನ್ನ ಹತ್ರ ಹಟ ಮಾಡ್ತಾಳೆ. ನನ್ನ ಹತ್ರ ಒಂದು ದಿನ ಇಲ್ಲ. ಹಟ ಮಾಡೋಕೂ ಸಲಿಗೆ ಬೇಕು."

"ಒಳ್ಳೇದಾಯ್ತಲ್ಲ, ನಿಂಗೆ ಕಷ್ಟ ಕೊಡಲ್ಲ."

"ಕೊಡ್ಲಿ ಅಂತಾನೇ ಅಲ್ವಾ ನಾನು ಬಂದಿರೋದು!" ತಂಗಿಯ ದನಿ ಏರಿತು. "ನಿನಗೇನು ಗೊತ್ತು? ಅವಳು ನಿನ್ನ ಸೀರೆ ಎಳೀತಾಳೆ, ನಿನ್ನ ಬೆನ್ನು ಹತ್ತುತಾಳೆ. ನಾನು ಮುಟ್ಟಿದ್ರೆ ಕಟ್ಟಿಗೆ ಥರ ನಿಂತ್ಕೊತಾಳೆ. ನಾನೇನು ಕಂಡಕ್ಟರಾ, ಚೀಟಿ ಕೇಳೋಕೆ ಬಂದಿದೀನಾ?"

"ಕಂಡಕ್ಟರನ್ನ ಮಧ್ಯೆ ತರಬೇಡಿ, ಪಾಪ," ಎಂದ ಡ್ರೈವರ್. ಯಾರೂ ನಗಲಿಲ್ಲ.

"ನಾನೇನು ಅವಳಿಗೆ ಹೇಳಿಕೊಟ್ಟಿದೀನಾ?" ಎಂದುಬಿಟ್ಟಳು ಕಾಜದಕ್ಕ. ಆ ಮಾತು ಆಡಿದ್ದೇ ತಡ, ತಟ್ಟೆ ಸರಿಸಿ ಲೋಟ ಎತ್ತಿಕೊಂಡಳು. ನೀರು ಕುಡಿದಳು.

ನಿಜ ಹೇಳಬೇಕೆಂದರೆ, ಹುಡುಗಿ ತನ್ನ ಬೆನ್ನೇ ಹತ್ತುತ್ತಾಳೆಂದು ತಂಗಿ ಅಂದಾಗ ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು. ಆ ಹಿಗ್ಗನ್ನು ನೆನೆದು ಅವಳಿಗೆ ತನ್ನ ಮೇಲೇ ಅಸಹ್ಯವೂ ಆಯಿತು.

ಏಳನೆಯ ವಾರದ ಶುಕ್ರವಾರ ತಂಗಿ ಹೊರಗೆ ಹೋಗಿ ಬಂದು, ಚಪ್ಪಲಿ ಬಿಡುತ್ತಲೇ ಹೇಳಿದಳು: "ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಖಾಲಿ ಇದೆಯಂತೆ. ಇರೋಕೆ ಅಲ್ಲೇ ರೂಮು ಕೊಡ್ತಾರೆ. ಮಕ್ಕಳನ್ನ ಇಟ್ಕೊಳ್ಳೋ ಹಾಗಿಲ್ಲ."

"ಮತ್ತೆ ಗುಂಡಿ?" ಎಂದಳು ಅಜ್ಜಿ.

"ಅಕ್ಕನ ಹತ್ರ ಇರ್ಲಿ. ಅವಳಿಗೆ ನಾನು ಬೇಡಮ್ಮ. ಎರಡು ವರ್ಷ ಹೆತ್ತವಳಾಗಿ ನಾನು ಮಾಡಿದ್ದೂ ಅಷ್ಟೇ ಅಲ್ವಾ, ಅದು ಅಳ್ತಿದ್ರೆ ನಾನು ಗೋಡೆ ನೋಡ್ತಿದ್ದೆ. ಈಗ ಅದು ಗೋಡೆ ನೋಡುತ್ತೆ." ಕಾಜದಕ್ಕನ ಕಡೆ ತಿರುಗಿದಳು. "ನೀನೇ ಅವಳಿಗೆ ಸರಿಯಾದ ತಾಯಿ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರದಿಂದ ಸೇರ್ಕೊಳ್ತೀನಿ ಅಂತ ಹೇಳಿ ಬಂದೆ."

ಬೇಡ ಅನ್ನಬೇಕಿತ್ತು. ಹೋಗಬೇಡವೇ, ಕಾರಣ ನಾನು, ಎನ್ನಬೇಕಿತ್ತು. ಕಾಜದಕ್ಕ ಗಂಟು ಬಿಚ್ಚುತ್ತ, "ನಿನ್ನಿಷ್ಟ ಕಣೇ, ನಾನು ಬಲವಂತ ಮಾಡಲ್ಲ," ಎಂದಳು. ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಹನ್ನೊಂದು ವರ್ಷದಿಂದ ಬೇಡಿದ್ದು ಮನೆಯಲ್ಲೇ ಉಳಿಯುತ್ತದೆ.

ರಾತ್ರಿ ಗಂಡ ಹೇಳಿದ: "ನನಗೂ ಆಸೆ ಇಲ್ಲ ಅಂತಲ್ಲ ಕಣೇ. ಆದ್ರೂ ಯಾರೋ ಟವಲ್ ಹಾಕಿ ಹೋದ ಸೀಟಲ್ಲಿ ಕೂತ ಹಾಗಾಗುತ್ತೆ."

"ಅವಳೇ ಎದ್ದು ಹೋಗ್ತಿದಾಳಲ್ರೀ," ಎಂದು ಅವಳು ಮಗ್ಗುಲಾದಳು.

*

ಮಂಗಳವಾರ ಮಧ್ಯಾಹ್ನ. ತಂಗಿ ಪೆಟ್ಟಿಗೆ ರಿಪೇರಿಗೆಂದು ಹೊರಗೆ ಹೋಗಿದ್ದಳು. ಅಜ್ಜಿ ಮಂಚದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಕಾಜದಕ್ಕ ಅಂಗಡಿಯ ಗಂಟು ಪಕ್ಕಕ್ಕಿಟ್ಟು ಒಂದು ಪುಟ್ಟ ಅಂಗಿ ಹಿಡಿದು ಕೂತಿದ್ದಳು. ಮಿಕ್ಕ ಬಟ್ಟೆಯಲ್ಲಿ ತಾನೇ ಕತ್ತರಿಸಿ ಹೊಲಿದದ್ದು. ಬರುವ ವರ್ಷ ಗುಂಡಿಯನ್ನು ಶಿಶುವಿಹಾರಕ್ಕೆ ಸೇರಿಸಬೇಕಲ್ಲ! ನಾಲ್ಕು ಕಾಜ ಆಗಲೇ ಮುಗಿದಿದ್ದವು. ಎಷ್ಟೋ ತಿಂಗಳ ಮೇಲೆ ಅವಳು ಮೂಗಿನಲ್ಲೇ ಏನೋ ಗುನುಗುತ್ತಿದ್ದಳು.

ಹುಡುಗಿ ನೆಲದ ಮೇಲೆ ಗುಂಡಿಗಳ ಸಾಲು ಹಿಡಿಸಿದ್ದಳು. ದೊಡ್ಡದೊಂದು ಕಂದು ಗುಂಡಿ, ಅದರ ಮುಂದೆ ಚಿಕ್ಕದೊಂದು ಬಿಳಿ ಗುಂಡಿ. ಬಿಳಿಯದನ್ನು ಹೆಬ್ಬೆರಳಿಂದ ಒತ್ತಿ ಹಿಡಿದು ಮೆಲ್ಲಗೆ ಗದರಿಸುತ್ತಿದ್ದಳು.

"ಶ್! ಅಳಬಾರದು. ಅತ್ತರೆ ಅಮ್ಮ ಹೋಗ್ತಾಳೆ."

ಕಾಜದಕ್ಕನ ಸೂಜಿ ನಿಂತಿತು. ಹೋಗ್ತಾಳೆ? ತಾನು ಹೇಳಿದ್ದು 'ಬರಲ್ಲ' ಎಂದು. ಹೋಗುವ ಮಾತು ತಾನು ಹೇಳಿದ್ದಲ್ಲ. ಅದನ್ನು ಮಗು ತನ್ನಷ್ಟಕ್ಕೆ ತಾನೇ ಮಾಡಿಕೊಂಡಿತ್ತು. ಅಳದೆ ಇದ್ದೆ, ಅಮ್ಮ ಬಂದಳು. ಇನ್ನು ಅತ್ತರೆ, ಅಮ್ಮ ಹೋಗುತ್ತಾಳೆ. ತಾಯಿ ಬೇಡವಾಗಿ ಮಗು ಬಾಯಿ ಮುಚ್ಚಿಕೊಂಡಿರಲಿಲ್ಲ. ತಾಯಿಯನ್ನು ಹೋಗಗೊಡಬಾರದೆಂದು, ಬೆರಳು ನೀಲಿಗಟ್ಟಿದರೂ, ಬೇಡದ ಮೊಟ್ಟೆ ಗಂಟಲಲ್ಲಿ ಸಿಕ್ಕಿದರೂ, ಆ ಮೂರು ವರ್ಷದ ಜೀವ ಒಂಟಿಯಾಗಿ ಕಾವಲು ಕಾಯುತ್ತಿತ್ತು.

ಕಾಜದಕ್ಕ ಪುಟ್ಟ ಅಂಗಿ ಮಡಿಲಿಂದ ಕೆಳಗಿಟ್ಟಳು.

"ಕೇಳಿಸ್ತಾ?" ಎಂದಳು ಅಜ್ಜಿ, ಹುರುಳಿಕಾಯಿಯಿಂದ ಕಣ್ಣೆತ್ತದೆ.

"ನಿಂಗೆ ಗೊತ್ತಿತ್ತಾ ಅಮ್ಮ?"

"ಮಂಡಿ ಹೋಗಿದೆ, ಕಿವಿ ಹೋಗಿಲ್ಲ. ಅಳದೆ ಇದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ ಅಂತಾರೆ. ನೀನು ಗಾದೇನೇ ತಲೆಕೆಳಗು ಮಾಡಿಬಿಟ್ಟೆ."

"ಮತ್ತೆ ನೀನಾದ್ರೂ ಯಾಕೆ ಹೇಳಲಿಲ್ಲ?"

ಅಜ್ಜಿಯ ಕೈಯೂ ನಿಂತಿತು. "ಯಾವ ಬಾಯಲ್ಲಿ ಹೇಳಲಿ? ನಿನ್ನ ತಂಗಿ ಹುಟ್ಟಿದಾಗ ನಿಂಗೆ ನಾಲ್ಕು ವರ್ಷ. ನೀನು ದೊಡ್ಡೋಳು, ದೊಡ್ಡೋರು ಅಳಬಾರದು ಅಂತ ನಿನ್ನ ಬಾಯಿ ಮುಚ್ಚಿಸಿದೋಳು ನಾನೇ ಅಲ್ವಾ. ಅವತ್ತಿಂದ ನೀನು ಅತ್ತಿದ್ದು ನಾನು ನೋಡಿಲ್ಲ." ಇನ್ನೊಂದು ಹುರುಳಿಕಾಯಿ ಎತ್ತಿಕೊಂಡು ಹೇಳಿದಳು: "ನಿನ್ನ ಬಾಯಿಂದ ಬಂದ ಮಾತು. ನಿನ್ನ ಬಾಯೇ ಅದನ್ನ ವಾಪಸ್ ತಗೋಬೇಕು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕಾಜವೂ ಅಷ್ಟೇ, ತಪ್ಪು ಜಾಗದಲ್ಲಿ ಸೀಳಿದರೆ ಬಟ್ಟೆ ಕೂಡುವುದಿಲ್ಲ. ಕಾಜದಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

*

ಗುರುವಾರದವಳಿಗೆ ಅದು ಆ ಮನೆಯ ಕೊನೆಯ ಭೇಟಿ ಆಗಬೇಕಿತ್ತು. ತಂಗಿಯ ಪೆಟ್ಟಿಗೆ ಬಾಗಿಲ ಪಕ್ಕ ಕಟ್ಟಿ ಇಟ್ಟಿತ್ತು. ಚಹಾ ಬಂತು. ಕಾಜದಕ್ಕ ಲೋಟ ಕೊಟ್ಟು ಒಳಗೆ ಹೋಗಲಿಲ್ಲ, ನಿಂತೇ ಇದ್ದಳು.

"ಮೇಡಂ, ಅವತ್ತು ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ."

ಎಲ್ಲ ಹೇಳಿದಳು. ಗಂಟುಗಳ ಕಾಲದ ಆ ಮಧ್ಯಾಹ್ನ, ಮದ್ದು, ಗುಂಡಿಗಳ ಹತ್ತಿರ ಹುಡುಗಿ ಆಡಿದ ಮಾತು. ತನ್ನನ್ನು ಅಮ್ಮ ಎಂದಾಗ ಓಗೊಟ್ಟಿದ್ದನ್ನೂ ಬಿಡಲಿಲ್ಲ.

ತಂಗಿ ಎದ್ದು ನಿಂತಳು. ಬಂದಾಗಿನಿಂದ ಅವಳ ಮುಖಕ್ಕೆ ಅಷ್ಟು ರಕ್ತ ಬಂದದ್ದು ಅದೇ ಮೊದಲು.

"ಹತ್ತು ತಿಂಗಳು! ನನ್ನ ಹೆಸರು ಹೇಳಿ ನನ್ನ ಮಗಳ ಬಾಯಿ ಹೊಲಿದ್ಯಾ?"

"ಹೊಲಿದೆ ಕಣೇ."

"ನಾನು ಬಂದ ಮೇಲೂ ಎಂಟು ವಾರ ಸುಮ್ಮನಿದ್ದೆ! ನಾನು ಅತ್ಕೊಂಡು, ನನಗೆ ತಾಯ್ತನವೇ ಇಲ್ಲ ಅಂತ ಪೆಟ್ಟಿಗೆ ಕಟ್ಟೋವರೆಗೂ ನೋಡ್ತಾ ಕೂತಿದ್ದೆ! ಯಾಕೆ?"

"ನೀನು ಹೋದ್ರೆ ಅವಳು ನಂಗೆ ಉಳೀತಾಳೆ ಅಂತ."

ಸುಳ್ಳು ಹೇಳಿದ್ದರೆ ತಂಗಿ ಇನ್ನಷ್ಟು ಕೂಗಾಡುತ್ತಿದ್ದಳೋ ಏನೋ. ಈ ಮಾತು ಕೇಳಿ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ದೊಡ್ಡವರ ದನಿ ಏರಿದ್ದೇ ಹುಡುಗಿ ಗಂಟುಗಳ ಹಿಂದೆ ಸೇರಿದ್ದಳು.

ಗುರುವಾರದವಳು ಕನ್ನಡಕ ಒರೆಸಿಕೊಂಡಳು. "ಆಯ್ತಕ್ಕ. ನಮಗೆ ಹೇಳಿದ್ರಿ. ನೀವು ಸುಳ್ಳು ಹೇಳಿದ್ದು ಮುಖ್ಯವಾಗಿ ನಮಗಲ್ಲ. ಅವಳಿಗೂ ಹೇಳಿ."

"ಮೂರು ವರ್ಷದ ಮಗೂಗೆ ಏನು ಅರ್ಥ ಆಗುತ್ತೆ ಮೇಡಂ?"

"ಮೊದಲನೇದು ಅರ್ಥ ಆಗಿತ್ತಲ್ಲ."

ಕಾಜದಕ್ಕ ಗಂಟುಗಳ ಪಕ್ಕ ನೆಲಕ್ಕೆ ಕೂತಳು. "ಕಂದ, ದೊಡ್ಡಮ್ಮ ಒಂದು ಸುಳ್ಳು ಹೇಳಿದ್ದೆ. ನೀನು ಅತ್ತಿದ್ದಕ್ಕೆ ಅಮ್ಮ ಹೋಗಿದ್ದಲ್ಲ. ಅಮ್ಮಂಗೆ ಹುಷಾರಿರಲಿಲ್ಲ, ಹೋಗಿದ್ಲು. ನೀನು ಅಳಬಹುದು. ಅತ್ತರೂ ಅಮ್ಮ ಇರ್ತಾಳೆ. ತಪ್ಪು ದೊಡ್ಡಮ್ಮಂದು, ನಿಂದಲ್ಲ."

ಹುಡುಗಿ ಅವಳ ಮುಖ ನೋಡಿದಳು. ಅಂಗೈಯಲ್ಲಿದ್ದ ಗುಂಡಿಯನ್ನು ಮಗುಚಿ ನೋಡಿದಳು. ಆಮೇಲೆ ಸಂದಿಯಿಂದಲೇ ತಾಯಿಯ ಪೆಟ್ಟಿಗೆ ನೋಡಿದಳು.

ತಂಗಿ ಎದ್ದು ಪೆಟ್ಟಿಗೆಯ ಹಗ್ಗ ಬಿಚ್ಚಿದಳು. ಒಂದೊಂದೇ ಸೀರೆ ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.

ಹೋಗುವಾಗ ಗುರುವಾರದವಳು ಕಾಜದಕ್ಕನಿಗೆ ಒಂದು ಕೆಲಸ ಹಚ್ಚಿದಳು. "ದಿನಾ ಅವಳಿಗೆ ಇದೇ ಮಾತು ಹೇಳಿ. ಇನ್ನೊಂದು. ಮಗು ಬಿದ್ರೆ, ತಾಯಿ ಮನೇಲಿದ್ರೆ, ನೀವು ಕೂತಲ್ಲಿಂದ ಏಳಬೇಡಿ. ಕೂತಿರೋದೇ ನಿಮ್ಮ ಕೆಲಸ."

"ಅಷ್ಟೇನಾ?"

"ಅಷ್ಟೇ ಅಂತ ಈಗ ಅನ್ಸುತ್ತೆ," ಎಂದಳು ಅವಳು.

*

ಪವಾಡವೇನೂ ಆಗಲಿಲ್ಲ. ತಂಗಿ ಅಕ್ಕನೊಡನೆ ಬೇಕಾದಷ್ಟೇ ಮಾತಾಡುವಳು, ಉಪ್ಪು ಕೊಡು, ನಲ್ಲಿ ನಿಲ್ಲಿಸು, ಇಷ್ಟೇ. ಚಹಾ ಮಾಡಿದರೆ ಅಕ್ಕನ ಲೋಟ ಕಟ್ಟೆಯ ಮೇಲೆ ಇಟ್ಟು ಹೋಗುವಳು, ಕೈಗೆ ಕೊಡಳು. ಕಾಜದಕ್ಕ ಆರಿದ ಚಹಾ ಕುಡಿಯುವಳು. ಇಷ್ಟಾದರೂ ಆಗಬೇಕಾದ್ದೇ ಎಂದುಕೊಳ್ಳುವಳು. ದಿನಾ ಬೆಳಗ್ಗೆ ತಲೆ ಬಾಚುವಾಗ, ಹಿಂದೆ ಯಾವ ಹೊತ್ತಿಗೆ ಆ ಮಾತು ಹೇಳುತ್ತಿದ್ದಳೋ ಅದೇ ಹೊತ್ತಿಗೆ, "ಅಳು ಬಂದ್ರೆ ಅತ್ತುಬಿಡು ಕಂದ, ಅಮ್ಮ ಎಲ್ಲೂ ಹೋಗಲ್ಲ," ಎನ್ನುವಳು. ಹುಡುಗಿ, "ಹೂಂ" ಎನ್ನುವಳು. ಹದಿನೈದು ದಿನದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ತಾಯಿ ಕೊಟ್ಟ ಆಲೂಗೆಡ್ಡೆಯನ್ನು ಬಾಯಿಂದ ತೆಗೆದು ತಟ್ಟೆಗೆ ಹಾಕಿ, ಮುಖ ನೋಡುತ್ತ ಕಾದಳು. ತಾ‌ಯಿ, "ಬೇಡವಾ? ಸರಿ, ಬಿಡು," ಎಂದಳು. ಎದ್ದು ಹೋಗಲಿಲ್ಲ. ಮಾರನೆಯ ದಿನ ಅಡುಗೆಮನೆಯಲ್ಲಿ ತಂಗಿ ಯಾರಿಗೆಂದು ಹೇಳದೆ, "ಆಲೂಗೆಡ್ಡೆ ಉಗುಳಿದಳು," ಎಂದು ನಕ್ಕಳು. ಕಾಜದಕ್ಕ ತನಗೇ ಹೇಳಿದ್ದೆಂದುಕೊಂಡಳು.

ಇನ್ನೊಂದು ವಾರ ಕಳೆದಿರಬೇಕು. ಬೆಳಗಿನ ಹೊತ್ತು, ತಂಗಿ ಹಿತ್ತಲಲ್ಲಿ ನಲ್ಲಿ ಬಿಟ್ಟುಕೊಂಡು ಬಟ್ಟೆ ಒಗೆಯುತ್ತಿದ್ದಳು. ಕಾಜದಕ್ಕ ಕಿಟಕಿಯ ಬಳಿ ಕೂತು ಕಾಜ ಹೆಣೆಯುತ್ತಿದ್ದಳು. ಹುಡುಗಿ ಗುಂಡಿ ಡಬ್ಬಿ ಹೊತ್ತುಕೊಂಡು ಹೊಸ್ತಿಲು ದಾಟಲು ಹೋಗಿ ಮುಗ್ಗರಿಸಿದಳು. ಡಬ್ಬಿ ಒಂದು ಕಡೆ, ಅವಳು ಒಂದು ಕಡೆ. ಗುಂಡಿಗಳು ನಡುಮನೆ ತುಂಬ ಉರುಳಿದವು. ಮಂಡಿ ತರಚಿ ರಕ್ತ ಜಿನುಗಿತು.

ಹುಡುಗಿ ಎದ್ದು ಕೂತು ಮಂಡಿ ನೋಡಿಕೊಂಡಳು. ಕೈ ಬಾಯಿಯ ತನಕ ಹೋಯಿತು. ಕಾಜದಕ್ಕನ ಕಡೆ ನೋಡಿದಳು.

ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು, ಎತ್ತಿಕೊಂಡು ಎದೆಗವಚಿಕೊಳ್ಳಬಹುದಿತ್ತು. ಕಾಜದಕ್ಕ ಎರಡೂ ಕೈಯಿಂದ ಕೂತ ಮಣೆಯ ಅಂಚು ಹಿಡಿದುಕೊಂಡಳು. "ಅಳು ಕಂದ," ಎಂದಳು. "ಅಳು. ಅಮ್ಮನ್ನ ಕರಿ."

ಹುಡುಗಿಯ ತುಟಿ ಸೊಟ್ಟಗಾಯಿತು. ಗಲ್ಲ ನಡುಗಿತು. ಮತ್ತೆ ಬಂತು ನೋಡಿ, ಒಂದು ವರ್ಷದಿಂದ ಆ ಮನೆ ಕೇಳದಿದ್ದ ಅಳು.

"ಅಮ್ಮಾ...!"

ನಲ್ಲಿಯ ಸದ್ದಿಗೆ ಹಿತ್ತಲಿಗೆ ಕೇಳಿಸಲಿಲ್ಲ. ಕಾಜದಕ್ಕ ಕೂತಲ್ಲಿಂದಲೇ, ಯಾರಿಗೋ ಬಹುಮಾನ ಬಂದ ಸುದ್ದಿ ಹೇಳುವವಳ ಹಾಗೆ ಕೂಗಿದಳು: "ಲೇ! ಬಾರೇ ಬೇಗ! ನಿನ್ನ ಮಗಳು ಅಳ್ತಿದಾಳೆ ಕಣೇ, ಅಳ್ತಿದಾಳೆ!"

ತಂಗಿ ಸೋಪಿನ ಕೈಯಲ್ಲೇ ಓಡಿ ಬಂದಳು. ಗುಂಡಿಗಳ ಮೇಲೆ ಕಾಲು ಜಾರಿ, ಸಾವರಿಸಿಕೊಂಡು, ನೆಲಕ್ಕೇ ಕೂತು ಕೈ ಚಾಚಿದಳು. ಹುಡುಗಿ ಆ ಕೈಯ ಕೆಳಗೆ ನುಸುಳಲಿಲ್ಲ. ಕೈಯೊಳಗೇ ಬಂದಳು. ಕತ್ತು ತಬ್ಬಿ, ಒದ್ದೆ ಸೀರೆಗೆ ಮುಖವೊತ್ತಿ ಮಂಡಿಗೂ ಅತ್ತಳು, ಬೆರಳಿಗೂ ಅತ್ತಳು, ಹತ್ತು ತಿಂಗಳದ್ದೆಲ್ಲ ಸೇರಿಸಿ ಅತ್ತಳು. "ಯಾಕ್ರೀ ಮಗೂನ ಹೊಡೀತೀರ?" ಎಂದು ಪಕ್ಕದ ಮನೆಯವಳು ಕೂಗಿದಳು. "ನಿನ್ನ ಕೆಲಸ ನೋಡ್ಕೊಳೇ!" ಎಂದಳು ಅಜ್ಜಿ ಮಂಚದಿಂದ.

ಎಷ್ಟೋ ಹೊತ್ತಿನ ಮೇಲೆ ಹುಡುಗಿ ತಾಯಿಯ ಹೆಗಲ ಮೇಲಿಂದ ಮುಖವೆತ್ತಿ, ಬಿಕ್ಕಳಿಸುತ್ತಲೇ ವರದಿ ಒಪ್ಪಿಸಿದಳು: "ದೊಡ್ಡಮ್ಮ, ನಾನು ಅತ್ತೆ. ಅಮ್ಮ ಬಂದ್ಲು."

"ಹೂಂ ಕಂದ. ಬಂದ್ಲು."

ಅಷ್ಟು ಹೇಳಿ ಕಾಜದಕ್ಕ ಸೂಜಿ ಎತ್ತಿಕೊಳ್ಳಲು ಹೋದಳು. ಸೂಜಿ ಕಾಣಿಸಲಿಲ್ಲ. ಬಟ್ಟೆಯೂ ಕಾಣಿಸಲಿಲ್ಲ. ಮಡಿಲಿನ ಬಿಳಿ ಅಂಗಿಯ ಮೇಲೆ ಟಪ್ಪನೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ತಡೆಯಲು ನೋಡಿದಳು, ತಡೆಯಲಾಗಲಿಲ್ಲ. ಅಳುವುದಕ್ಕೆ ತನಗೆ ಹಕ್ಕಿಲ್ಲವೆಂದು ಅನ್ನಿಸಿ, ಸೆರಗು ಬಾಯಿಗೆ ತುರುಕಿಕೊಂಡಳು.

ಹುಡುಗಿ ಬಿಕ್ಕು ನಿಲ್ಲಿಸಿ ನೋಡಿದಳು. "ದೊಡ್ಡಮ್ಮ ಅಳ್ತಿದಾಳೆ," ಎಂದಳು ತಾಯಿಗೆ. ತಾಯಿ ಅಕ್ಕನ ಕಡೆ ನೋಡಿದಳು. ಏಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಹುಡುಗಿ ಯೋಚಿಸಿದಳು. ಆಮೇಲೆ ಅವಳಿಗೆ ಹೊಳೆಯಿತು.

"ದೊಡ್ಡಮ್ಮನ ಅಮ್ಮ ಯಾರು?"

ಮಂಚ ಕಿರುಗುಟ್ಟಿತು. ಆಸರೆಗೆ ಕೈ ಕೊಡುವವರು ಯಾರೂ ಇರಲಿಲ್ಲ. ಅಜ್ಜಿ ಒಬ್ಬಳೇ ಗೋಡೆ ಹಿಡಿದು, ಮಂಡಿಗೆ ಒಂದೊಂದಾಗಿ ಬೈಗುಳ ಹಾಕುತ್ತ ಎದ್ದು, ಚೆಲ್ಲಿದ ಗುಂಡಿಗಳನ್ನು ಕಾಲಿಂದ ಸರಿಸುತ್ತ ಹೊರಟಳು.

"ಬಂದೆ ಕಣೇ, ಬಂದೆ. ನಾನು ಬರೋದ್ರೊಳಗೆ ನಿಲ್ಲಿಸಿಬಿಡಬೇಡ ಮತ್ತೆ."